ಒಂದೇ ಸಫ್ಫಿನವರನ್ನು ಬೇರ್ಪಡಿಸಿದ ಕಾನೂನು

ಜುಮಾ ನಮಾಝಿಗೆ ಮುನ್ನ ಸಫ್ಫ್ ನೇರ ಮಾಡಿಕೊಳ್ಳಿ ಎಂದು ಇಮಾಮರು ಹೇಳುತ್ತಾರೆ. ನಾವು ಭುಜಕ್ಕೆ ಭುಜ ತಾಗಿಸಿ ನಿಲ್ಲುತ್ತೇವೆ. ಪಕ್ಕದಲ್ಲಿ ನಿಂತವರು ಅಂಗಡಿಯ ಯಜಮಾನರೋ, ಅದೇ ಅಂಗಡಿಗೆ ಮೂಟೆ ಹೊರುವವರೋ ಎಂದು ನೋಡುವುದಿಲ್ಲ. ಅವರ ಮೈಬಣ್ಣ ಯಾವುದು, ಕೂದಲು ಎಂಥದ್ದು ಎಂದು ಕೇಳುವುದಿಲ್ಲ. ಇದು ನಮಗೆ ಎಷ್ಟು ರೂಢಿಯಾಗಿದೆಯೆಂದರೆ, ಇದೊಂದು ದೊಡ್ಡ ಅನುಗ್ರಹವೆಂಬುದೇ ಮರೆತುಹೋಗಿದೆ.

ಈಗ ಒಂದು ಊರನ್ನು ಊಹಿಸಿಕೊಳ್ಳೋಣ. ಅಲ್ಲಿ ಸಲಾಂ ಹೇಳಿ ಮಸೀದಿಯಿಂದ ಹೊರಬಂದ ಕೂಡಲೇ, ಯಾವ ಬಸ್ಸು ಹತ್ತಬೇಕು, ಯಾವ ಬೆಂಚಿನ ಮೇಲೆ ಕೂರಬೇಕು, ಯಾವ ಬೀದಿಯಲ್ಲಿ ಮನೆ ಮಾಡಬೇಕು, ಯಾರನ್ನು ಮದುವೆಯಾಗಬೇಕು, ಮಗುವನ್ನು ಯಾವ ಶಾಲೆಗೆ ಸೇರಿಸಬೇಕು ಎಂಬುದನ್ನು ಚರ್ಮದ ಬಣ್ಣ ನೋಡಿ ಸರಕಾರವೇ ನಿರ್ಧರಿಸುತ್ತದೆ. ಮೀರಿದರೆ ಜೈಲು. ಇದು ಜಾಹಿಲಿಯ್ಯಾ ಕಾಲದ ಕಥೆಯಲ್ಲ. ನಮ್ಮ ಅಜ್ಜ-ಅಜ್ಜಿಯರ, ನಮ್ಮಲ್ಲಿ ಹಲವರ ಜೀವಿತಕಾಲದಲ್ಲೇ ದಕ್ಷಿಣ ಆಫ್ರಿಕಾದಲ್ಲಿ ಇದ್ದ ವ್ಯವಸ್ಥೆ. ಅದರ ಹೆಸರು ಅಪಾರ್ಥೀಡ್, ಅಂದರೆ ಬೇರ್ಪಡಿಸಿ ಇಡುವುದು. ಆ ವ್ಯವಸ್ಥೆಯ ಎದುರು ನಿಂತವರಲ್ಲಿ ಕೇಪ್‌ಟೌನಿನ ಒಬ್ಬ ಮಸೀದಿ ಇಮಾಮರೂ ಇದ್ದರು. ಅವರ ನೆನಪಿನೊಂದಿಗೆ ಈ ಚರಿತ್ರೆಯನ್ನು ನಮ್ಮ ಮಕ್ಕಳಿಗೆ ತಿಳಿಸಬೇಕೆಂದು ಈ ಲೇಖನ ಬರೆಯುತ್ತಿದ್ದೇವೆ.

ಬೇರ್ಪಡಿಸಿದ್ದು ಹೇಗೆ?

ಬಿಳಿಯರು ಕರಿಯರನ್ನು ಕೀಳಾಗಿ ಕಾಣುವುದು ಆ ನಾಡಿನಲ್ಲಿ ಮೊದಲಿನಿಂದಲೂ ಇತ್ತು. 1913ರ ಭೂ ಕಾಯ್ದೆಯು ದೇಶದ ಬಹುಸಂಖ್ಯಾತರಾದ ಆಫ್ರಿಕನ್ನರಿಗೆ ಸುಮಾರು ಶೇ. 7ರಷ್ಟು ಭೂಮಿಯನ್ನು ಮಾತ್ರ ಮೀಸಲಿಟ್ಟಿತು. 1936ರಲ್ಲಿ ಅದನ್ನು ಶೇ. 13ಕ್ಕೆ ಏರಿಸಲಾಯಿತು. ಉಳಿದದ್ದೆಲ್ಲ ಹೆಚ್ಚುಕಡಿಮೆ ಬಿಳಿಯರದ್ದು. ಆದರೆ 1948ರ ಚುನಾವಣೆಯಲ್ಲಿ ನ್ಯಾಷನಲ್ ಪಾರ್ಟಿ ಗೆದ್ದ ಮೇಲೆ ಅಲ್ಲಿಯ ತನಕ ಇದ್ದ ಪದ್ಧತಿಗಳನ್ನೆಲ್ಲ ಒಂದೊಂದಾಗಿ ಬಿಗಿಗೊಳಿಸಿ ಕಾನೂನಿನ ಕೋಟೆ ಕಟ್ಟಲಾಯಿತು. ಆ ಚುನಾವಣೆಯಲ್ಲಿ ಮತ ಹಾಕಿದವರು ಬಹುತೇಕ ಬಿಳಿಯರೇ ಆಗಿದ್ದರು ಎಂಬುದನ್ನು ನೆನಪಿಡಬೇಕು.

1949ರಲ್ಲಿ ಬಿಳಿಯರು ಮತ್ತು ಇತರರ ನಡುವಿನ ಮದುವೆಯನ್ನು ನಿಷೇಧಿಸಲಾಯಿತು. 1950ರಲ್ಲಿ ಜನಸಂಖ್ಯಾ ನೋಂದಣಿ ಕಾಯ್ದೆ ಬಂತು. ಪ್ರತಿಯೊಬ್ಬ ಮನುಷ್ಯನ ಹೆಸರಿನ ಮುಂದೆ ಒಂದು ಜನಾಂಗವನ್ನು ಬರೆಯಲಾಯಿತು: ಬಿಳಿಯ, ಆಫ್ರಿಕನ್, ಕಲರ್ಡ್. ಭಾರತೀಯರನ್ನು ಮತ್ತೊಂದು ಗುಂಪಾಗಿ ಲೆಕ್ಕ ಹಾಕಿದರು. ಕೇಪ್‌ಟೌನಿನ ಹಳೆಯ ಮುಸ್ಲಿಮರಲ್ಲಿ ಬಹಳಷ್ಟು ಮಂದಿಯನ್ನು ಕಲರ್ಡ್ ವರ್ಗದೊಳಗಿನ 'ಕೇಪ್ ಮಲಯ್' ಎಂದು ಬರೆದುಕೊಂಡರು. ಯಾರ ಜನಾಂಗ ಯಾವುದೆಂದು ಅನುಮಾನ ಬಂದರೆ ಅಧಿಕಾರಿಗಳು ಕೂದಲಿಗೆ ಪೆನ್ಸಿಲ್ ಸಿಕ್ಕಿಸಿ ನೋಡುತ್ತಿದ್ದರು. ಪೆನ್ಸಿಲ್ ಜಾರಿ ಬಿದ್ದರೆ ಒಂದು ವರ್ಗ, ಗುಂಗುರು ಕೂದಲಲ್ಲಿ ಸಿಕ್ಕಿಕೊಂಡರೆ ಇನ್ನೊಂದು ವರ್ಗ. ಒಂದೇ ತಾಯಿಯ ಮಕ್ಕಳು ಬೇರೆಬೇರೆ ವರ್ಗಕ್ಕೆ ಸೇರಿದ ಉದಾಹರಣೆಗಳೂ ಇವೆ. ಆ ಬಳಿಕ ಅವರು ಒಂದೇ ಬೀದಿಯಲ್ಲಿ ವಾಸಿಸುವಂತಿರಲಿಲ್ಲ.

ಏಕೆಂದರೆ ಅದೇ 1950ರಲ್ಲಿ ಗ್ರೂಪ್ ಏರಿಯಾಸ್ ಆ್ಯಕ್ಟ್ ಎಂಬ ಇನ್ನೊಂದು ಕಾನೂನು ಬಂದಿತ್ತು. ಊರನ್ನು ನಕ್ಷೆಯ ಮೇಲೆ ಹಂಚಿ, ಇದು ಬಿಳಿಯರ ಪ್ರದೇಶ, ಇದು ಕಲರ್ಡ್ ಪ್ರದೇಶ, ಇದು ಇಂಡಿಯನ್ ಪ್ರದೇಶ ಎಂದು ಗೆರೆ ಎಳೆದರು. ಗೆರೆಯ ತಪ್ಪು ಬದಿಯಲ್ಲಿ ಮನೆ ಇದ್ದವರು ಖಾಲಿ ಮಾಡಲೇಬೇಕು. ಕೇಪ್‌ಟೌನಿನ ಡಿಸ್ಟ್ರಿಕ್ಟ್ ಸಿಕ್ಸ್ ಎಂಬ ಬಡಾವಣೆಯಲ್ಲಿ ಮುಸ್ಲಿಮರು, ಕ್ರೈಸ್ತರು, ಯಹೂದಿಗಳು, ಎಲ್ಲ ಬಣ್ಣದವರು ಒಟ್ಟಿಗೆ ಬದುಕಿದ್ದರು. 1966ರ ಫೆಬ್ರವರಿ 11ರಂದು ಅದನ್ನು ಬಿಳಿಯರ ಪ್ರದೇಶವೆಂದು ಘೋಷಿಸಲಾಯಿತು. ಮುಂದಿನ ವರ್ಷಗಳಲ್ಲಿ 60,000ಕ್ಕೂ ಹೆಚ್ಚು ಜನರನ್ನು ಅಲ್ಲಿಂದ ಎಬ್ಬಿಸಿ ಕೇಪ್ ಫ್ಲ್ಯಾಟ್ಸ್ ಎಂಬ ಮರಳು ಬಯಲಿಗೆ ಸಾಗಿಸಿದರು. ಮನೆಗಳನ್ನು ಬುಲ್ಡೋಜರ್‌ಗಳು ನೆಲಸಮ ಮಾಡಿದವು. ಆದರೆ ಆರಾಧನಾಲಯಗಳನ್ನು ಮುಟ್ಟಲಿಲ್ಲ. ಮಸೀದಿಯು ವಕ್ಫ್, ಅದನ್ನು ಮಾರಲು ಯಾರಿಗೂ ಅಧಿಕಾರವಿಲ್ಲ ಎಂದು ಮುಸ್ಲಿಮರು ಗಟ್ಟಿಯಾಗಿ ಹೇಳಿದ್ದರು. ಹಾಗಾಗಿ ಸುತ್ತಲೂ ಹುಲ್ಲು ಬೆಳೆದ ಖಾಲಿ ಬಯಲು, ನಡುವೆ ಒಂಟಿಯಾಗಿ ನಿಂತ ಮಸೀದಿ. ದೂರದ ಮರಳು ಬಯಲಿನಿಂದ ಬಸ್ಸು ಹಿಡಿದು ಜನರು ಅಲ್ಲಿಗೇ ನಮಾಝಿಗೆ ಬರುತ್ತಿದ್ದರು.

1953ರ ಕಾಯ್ದೆಯೊಂದು ಬೆಂಚು, ಬಸ್ಸು, ಕಡಲತೀರ, ಅಂಚೆ ಕಚೇರಿಯ ಬಾಗಿಲುಗಳನ್ನು ಬೇರೆ ಮಾಡಿತು. ಬೇರೆ ಮಾಡಿದ ಸೌಕರ್ಯಗಳು ಸಮಾನವಾಗಿರಬೇಕಾಗಿಲ್ಲ ಎಂದು ಆ ಕಾಯ್ದೆಯಲ್ಲೇ ಹೇಳಲಾಗಿತ್ತು. ಅದೇ ವರ್ಷದ ಶಿಕ್ಷಣ ಕಾಯ್ದೆಯು ಆಫ್ರಿಕನ್ ಮಕ್ಕಳಿಗೆ ಕೂಲಿ ಕೆಲಸಕ್ಕೆ ಬೇಕಾದಷ್ಟೇ ಕಲಿಕೆ ಸಾಕು ಎಂಬ ನೀತಿಯನ್ನು ತಂದಿತು. ಇನ್ನು ಪಾಸ್ ಕಾನೂನು. 16 ವರ್ಷ ದಾಟಿದ ಪ್ರತಿ ಆಫ್ರಿಕನ್ನನೂ ಸದಾ ಪಾಸ್ ಪುಸ್ತಕ ಹಿಡಿದಿರಬೇಕು. ಅನುಮತಿಯಿಲ್ಲದೆ 72 ಗಂಟೆಗಿಂತ ಹೆಚ್ಚು ಕಾಲ ನಗರದಲ್ಲಿ ಉಳಿದರೆ ಬಂಧನ. ತನ್ನದೇ ನಾಡಿನಲ್ಲಿ ಮನುಷ್ಯ ಪರದೇಶಿಯಾದ.

ಮಸೀದಿಯ ಅಂಗಳದಲ್ಲಿ ಸುಟ್ಟ ಕಾಗದ

ಈ ಅನ್ಯಾಯವನ್ನು ಎದುರಿಸುವ ಪರಂಪರೆಯೂ ಅಷ್ಟೇ ಹಳೆಯದು. ಡಚ್ಚರು ಇಂಡೋನೇಷ್ಯಾದ ದ್ವೀಪಗಳಿಂದ ಗಡೀಪಾರು ಮಾಡಿ ತಂದವರಲ್ಲಿ ಟಿಡೋರಿನ ಇಮಾಮ್ ಅಬ್ದುಲ್ಲಾ ಎಂಬ ವಿದ್ವಾಂಸರಿದ್ದರು. ಜನರು ಅವರನ್ನು 'ತುವಾನ್ ಗುರು' ಎಂದು ಕರೆದರು. 1780ರಲ್ಲಿ ಅವರನ್ನು ರಾಬೆನ್ ದ್ವೀಪದಲ್ಲಿ ಬಂಧಿಯಾಗಿ ಇಡಲಾಯಿತು. ಅಲ್ಲಿ ಅವರು ಪವಿತ್ರ ಕುರ್‌ಆನನ್ನು ನೆನಪಿನಿಂದಲೇ ಬರೆದರು. ಬಿಡುಗಡೆಯಾದ ಮೇಲೆ ಗುಲಾಮರಿಗೂ ಸ್ವತಂತ್ರರಿಗೂ ಒಟ್ಟಿಗೆ ಕಲಿಸುವ ಮದ್ರಸ ತೆರೆದರು. 1794ರಲ್ಲಿ ಸ್ಥಾಪನೆಯಾದ ಅವ್ವಲ್ ಮಸೀದಿ ದಕ್ಷಿಣ ಆಫ್ರಿಕಾದ ಮೊತ್ತಮೊದಲ ಮಸೀದಿ. ಅದರ ಮೊದಲ ಇಮಾಮರೂ ಅವರೇ.

ನಮ್ಮ ದೇಶದ ನಂಟು ಇನ್ನೂ ಗಾಢವಾದದ್ದು. ಗಾಂಧೀಜಿಯವರು 1893ರಲ್ಲಿ ದಕ್ಷಿಣ ಆಫ್ರಿಕಾಕ್ಕೆ ಹೋದದ್ದು ದಾದಾ ಅಬ್ದುಲ್ಲಾ ಎಂಬ ಮುಸ್ಲಿಮ್ ವರ್ತಕರ ಮೊಕದ್ದಮೆಯ ಕೆಲಸಕ್ಕೆ. ಟ್ರಾನ್ಸ್‌ವಾಲ್ ಸರಕಾರವು ಏಷ್ಯಾದವರೆಲ್ಲ ಬೆರಳಚ್ಚು ಕೊಟ್ಟು ನೋಂದಾಯಿಸಿಕೊಳ್ಳಬೇಕೆಂದು ಆದೇಶಿಸಲು ಹೊರಟಾಗ, 1906ರ ಸೆಪ್ಟೆಂಬರ್ 11ರಂದು ಜೊಹಾನ್ಸ್‌ಬರ್ಗ್‌ನಲ್ಲಿ ದೊಡ್ಡ ಸಭೆ ಸೇರಿತು. ದೇವನನ್ನು ಸಾಕ್ಷಿಯಾಗಿಟ್ಟು ಪ್ರತಿಜ್ಞೆ ಮಾಡೋಣ ಎಂದು ಆ ಸಭೆಯಲ್ಲಿ ಒತ್ತಾಯಿಸಿದವರು ಹಾಜಿ ಹಬೀಬ್ ಎಂಬ ಹಿರಿಯರು. ಸತ್ಯಾಗ್ರಹದ ಹುಟ್ಟು ಅಲ್ಲಿಂದ. 1908ರ ಆಗಸ್ಟ್ 16ರಂದು ಅದೇ ಊರಿನ ಹಮೀದಿಯಾ ಮಸೀದಿಯ ಆವರಣದಲ್ಲಿ ಜನ ಸೇರಿ, ತಮ್ಮ ನೋಂದಣಿ ಪತ್ರಗಳನ್ನು ಕಬ್ಬಿಣದ ದೊಡ್ಡ ಪಾತ್ರೆಗೆ ಹಾಕಿ ಸುಟ್ಟರು. ಹಿಂದೂ, ಮುಸ್ಲಿಮ್, ಪಾರ್ಸಿ, ಕ್ರೈಸ್ತ ಎಂಬ ಭೇದ ಅಲ್ಲಿರಲಿಲ್ಲ.

ಮುಂದೆ ಆಫ್ರಿಕನ್ ನ್ಯಾಷನಲ್ ಕಾಂಗ್ರೆಸ್ ಮತ್ತು ಇಂಡಿಯನ್ ಕಾಂಗ್ರೆಸ್ ಜೊತೆಗೂಡಿದವು. 1952ರ ಜೂನ್ 26ರಂದು ಆರಂಭವಾದ ಕಾನೂನುಭಂಗ ಚಳವಳಿಯಲ್ಲಿ 8,000ಕ್ಕೂ ಹೆಚ್ಚು ಜನ ಬೇಕೆಂದೇ ಬಿಳಿಯರ ಬಾಗಿಲಿನಿಂದ ಒಳಹೋಗಿ, ಬಿಳಿಯರ ಬೆಂಚಿನಲ್ಲಿ ಕೂತು ಜೈಲು ಸೇರಿದರು. ಆ ಚಳವಳಿಯ ಮುಂದಾಳುಗಳಲ್ಲಿ ಡಾ. ಯೂಸುಫ್ ದಾದೂ ಒಬ್ಬರು. 1956ರ ಆಗಸ್ಟ್ 9ರಂದು ಸುಮಾರು 20,000 ಮಹಿಳೆಯರು ಪಾಸ್ ಕಾನೂನಿನ ವಿರುದ್ಧ ಪ್ರಿಟೋರಿಯಾದ ಸರಕಾರಿ ಭವನಕ್ಕೆ ನಡೆದರು. ಮುಂಚೂಣಿಯಲ್ಲಿದ್ದ ನಾಲ್ವರಲ್ಲಿ ಒಬ್ಬರು ರಹೀಮಾ ಮೂಸಾ. ಇಂದು ಜೊಹಾನ್ಸ್‌ಬರ್ಗ್‌ನ ತಾಯಿ-ಮಕ್ಕಳ ಆಸ್ಪತ್ರೆಯೊಂದಕ್ಕೆ ಅವರ ಹೆಸರಿದೆ.

1960ರ ಮಾರ್ಚ್ 21ರಂದು ಶಾರ್ಪ್‌ವಿಲ್‌ನಲ್ಲಿ ಪಾಸ್ ಪುಸ್ತಕ ಬಿಟ್ಟು ಬಂದು ಪೊಲೀಸ್ ಠಾಣೆಯ ಮುಂದೆ ನಿಂತ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. 69 ಮಂದಿ ಸತ್ತರು. ಹಲವರ ಬೆನ್ನಿಗೆ ಗುಂಡು ತಗಲಿತ್ತು. ಅಂದರೆ ಓಡಿ ಹೋಗುತ್ತಿದ್ದವರನ್ನೂ ಬಿಟ್ಟಿರಲಿಲ್ಲ.

ಸಿಹಿತಿಂಡಿ ಮಾರುತ್ತಿದ್ದ ಇಮಾಮ್

ಇಮಾಮ್ ಅಬ್ದುಲ್ಲಾ ಹಾರೂನ್ 1924ರ ಫೆಬ್ರವರಿ 8ರಂದು ಕೇಪ್‌ಟೌನಿನಲ್ಲಿ ಹುಟ್ಟಿದರು. ಹಸುಗೂಸಾಗಿದ್ದಾಗಲೇ ತಾಯಿಯನ್ನು ಕಳೆದುಕೊಂಡ ಅವರನ್ನು ಅತ್ತೆ ಸಾಕಿದರು. 1955ರಲ್ಲಿ, 31ನೇ ವಯಸ್ಸಿನಲ್ಲಿ, ಕ್ಲೇರ್‌ಮಾಂಟಿನ ಅಲ್ ಜಾಮಿಅ ಮಸೀದಿಯ ಇಮಾಮರಾದರು. ಯುವಕರಿಗಾಗಿ ಅಧ್ಯಯನ ಕೂಟಗಳನ್ನು ಆರಂಭಿಸಿದರು. 1958ರಲ್ಲಿ ಮುಸ್ಲಿಮ್ ಯುವಜನ ಸಂಘ ಕಟ್ಟಿದರು. 'ಮುಸ್ಲಿಮ್ ನ್ಯೂಸ್' ಪತ್ರಿಕೆಯ ಸಂಪಾದಕರೂ ಆದರು. ಕ್ರಿಕೆಟ್ ಮತ್ತು ರಗ್ಬಿ ಎಂದರೆ ಅವರಿಗೆ ಪ್ರಾಣ.

ಸಂಸಾರ ಸಾಗಿಸಲು ಅವರು ಸಿಹಿತಿಂಡಿ ಕಂಪೆನಿಯೊಂದರ ಮಾರಾಟ ಪ್ರತಿನಿಧಿಯಾಗಿದ್ದರು. ಆ ಕೆಲಸದ ನೆಪದಲ್ಲಿ ಲಂಗಾ, ಗುಗುಲೆತು, ನ್ಯಾಂಗಾ ಎಂಬ ಆಫ್ರಿಕನ್ನರ ವಸತಿಗಳಿಗೆ ಹೋಗಿಬರಲು ಅವರಿಗೆ ಅನುಮತಿ ಇತ್ತು. ಬೇರೆ ವರ್ಗದವರು ಕಾಲಿಡಲಾಗದ ಜಾಗಗಳವು. ಅಂಗಡಿಗಳಿಗೆ ಮಿಠಾಯಿ ಕೊಡುತ್ತಾ ಜೈಲು ಸೇರಿದವರ ಮನೆಗಳಿಗೂ ಅವರು ಹೋದರು. ಮನೆಯ ದುಡಿಯುವ ಕೈ ಜೈಲಿನಲ್ಲಿದ್ದಾಗ ಅಲ್ಲಿ ಒಲೆ ಉರಿಯುತ್ತಿದೆಯೇ ಎಂದು ನೋಡಿದರು. ಹಣ, ನೆರವು ಮುಟ್ಟಿಸಿದರು. ಆ ಮನೆಗಳಲ್ಲಿ ಹೆಚ್ಚಿನವು ಮುಸ್ಲಿಮರದ್ದಲ್ಲ. ಅಲ್ಲಿನ ಜನ ಅವರನ್ನು 'ಮ್ಫುಂಡಿಸಿ' ಎಂದು ಕರೆಯುತ್ತಿದ್ದರು. ಧರ್ಮಗುರು ಎಂದು ಆ ಮಾತಿನ ಅರ್ಥ.

1961ರಲ್ಲಿ ಅವರು ಮತ್ತು ಅವರ ಸಂಗಡಿಗರು ಅಪಾರ್ಥೀಡ್ ಇಸ್ಲಾಮಿಗೆ ವಿರುದ್ಧವೆಂದು ಬಹಿರಂಗ ಹೇಳಿಕೆ ಹೊರಡಿಸಿದರು. ಅದೇ ವರ್ಷ ಕೇಪ್‌ಟೌನಿನ ಸಾರ್ವಜನಿಕ ಸಭೆಯಲ್ಲಿ ಗ್ರೂಪ್ ಏರಿಯಾಸ್ ಕಾನೂನನ್ನು ಇಮಾಮರು ಖಂಡಿಸಿದರು. ಮಿಂಬರಿನಿಂದಲೂ ಅವರು ಅದನ್ನೇ ಹೇಳುತ್ತಿದ್ದರು.

ಇಲ್ಲಿ ನಾವು ಒಂದು ಕಹಿ ಸತ್ಯವನ್ನು ಬಚ್ಚಿಡಬಾರದು. ಅಂದಿನ ಮುಸ್ಲಿಮ್ ಸಮುದಾಯದಲ್ಲಿ ಎಲ್ಲರೂ ಅವರ ಜೊತೆಗಿರಲಿಲ್ಲ. ನಮ್ಮ ಮಸೀದಿಗಳು ತೆರೆದಿವೆ, ಅಝಾನ್ ಕೇಳಿಸುತ್ತಿದೆ, ಹಜ್ಜಿಗೆ ಹೋಗಲು ಬಿಡುತ್ತಿದ್ದಾರೆ, ಹಾಗಿರುವಾಗ ಸರಕಾರದೊಂದಿಗೆ ಜಗಳವೇಕೆ ಎಂದು ಕೇಳುವವರು ಹಿರಿಯರಲ್ಲೂ ಉಲಮಾಗಳಲ್ಲೂ ಇದ್ದರು. ಭಯವೂ ಇತ್ತು, ಅದನ್ನು ಅಲ್ಲಗಳೆಯಲಾಗದು. ಆದರೆ ಭಯಕ್ಕಿಂತ ಹೆಚ್ಚಾಗಿ ಕೆಲಸ ಮಾಡಿದ್ದು ಸರಕಾರದ ಜಾಣತನ. ಅಪಾರ್ಥೀಡ್ ಕೇವಲ ಬಿಳಿ ಮತ್ತು ಕಪ್ಪು ಎಂಬ ಎರಡು ಪಾಲು ಮಾಡಲಿಲ್ಲ. ಅದು ಮೆಟ್ಟಿಲುಗಳನ್ನು ಕಟ್ಟಿತು. ಮೇಲೆ ಬಿಳಿಯರು, ಕೆಳಗೆ ಆಫ್ರಿಕನ್ನರು, ನಡುವೆ ಕಲರ್ಡ್ ಮತ್ತು ಭಾರತೀಯರು. ನಡುವಿನ ಮೆಟ್ಟಿಲಿನವರಿಗೆ ಪಾಸ್ ಪುಸ್ತಕದ ಕಾಟ ಇರಲಿಲ್ಲ, ಶಾಲೆ ಸ್ವಲ್ಪ ಉತ್ತಮ, ಕೂಲಿ ಸ್ವಲ್ಪ ಹೆಚ್ಚು. ಆ 'ಸ್ವಲ್ಪ'ವನ್ನು ಕಳೆದುಕೊಳ್ಳುವ ಹೆದರಿಕೆಯೇ ಬಾಯಿಗೆ ಬೀಗ ಹಾಕಿತು.

ಈ ಮೆಟ್ಟಿಲು ಜೈಲಿನೊಳಗೂ ಇತ್ತು. 1964ರಲ್ಲಿ ನೆಲ್ಸನ್ ಮಂಡೇಲಾರೊಂದಿಗೆ ಜೀವಾವಧಿ ಶಿಕ್ಷೆ ಪಡೆದವರಲ್ಲಿ ಅಹ್ಮದ್ ಕತ್ರಾಡ ಒಬ್ಬರು. ಅವರು ಹುಟ್ಟಿದ ಊರಿನಲ್ಲಿ ಭಾರತೀಯ ಮಕ್ಕಳಿಗೆ ಶಾಲೆ ಇರಲಿಲ್ಲ. ಬಿಳಿಯರ ಶಾಲೆಗೂ ಆಫ್ರಿಕನ್ನರ ಶಾಲೆಗೂ ಸೇರಿಸುವಂತಿರಲಿಲ್ಲ. ಹಾಗಾಗಿ ಎಳೆಯ ವಯಸ್ಸಿನಲ್ಲೇ ತಂದೆತಾಯಿಯನ್ನು ಬಿಟ್ಟು ಜೊಹಾನ್ಸ್‌ಬರ್ಗ್‌ಗೆ ಓದಲು ಹೋಗಬೇಕಾಯಿತು. ತುವಾನ್ ಗುರುಗಳು ಬಂಧಿಯಾಗಿದ್ದ ಅದೇ ರಾಬೆನ್ ದ್ವೀಪಕ್ಕೆ ಅವರನ್ನು ಕರೆದೊಯ್ದಾಗ, ಭಾರತೀಯರೆಂಬ ಕಾರಣಕ್ಕೆ ಅವರಿಗೆ ಉದ್ದ ಪ್ಯಾಂಟ್ ಕೊಟ್ಟರು. ಹನ್ನೊಂದು ವರ್ಷ ಹಿರಿಯರಾದ ಮಂಡೇಲಾರಿಗೆ ಚಿಕ್ಕ ಹುಡುಗರಂತೆ ಮೊಣಕಾಲಿನ ಚಡ್ಡಿ. ಕತ್ರಾಡರಿಗೆ ಬ್ರೆಡ್ ಇತ್ತು, ಆಫ್ರಿಕನ್ ಕೈದಿಗಳಿಗೆ ಇರಲಿಲ್ಲ. ಒಂದೇ ಹೋರಾಟ, ಒಂದೇ ಶಿಕ್ಷೆ, ಆದರೂ ಬೇರೆ ಊಟ, ಬೇರೆ ಬಟ್ಟೆ. ಒಗ್ಗಟ್ಟು ಮುರಿಯಲು ಹೀಗೆ ಮಾಡಲಾಗಿತ್ತು. ಒಗ್ಗಟ್ಟು ಮುರಿಯಲಿಲ್ಲ. ಕತ್ರಾಡ 26 ವರ್ಷ, ಮಂಡೇಲಾ 27 ವರ್ಷ ಸೆರೆಯಲ್ಲಿ ಕಳೆದರು. ಕೊನೆತನಕ ಅವರಿಬ್ಬರೂ ಆಪ್ತ ಗೆಳೆಯರಾಗಿಯೇ ಉಳಿದರು.

ನೂರಿಪ್ಪತ್ತಮೂರು ದಿನಗಳು

1969ರ ಮೇ 28ರಂದು, ಪ್ರವಾದಿಯವರ(ಸ) ಜನ್ಮದಿನದ ನೆನಪಿನ ಸಡಗರದಲ್ಲಿ ಊರು ಇದ್ದಾಗ, ರಹಸ್ಯ ಪೊಲೀಸರು ಇಮಾಮ್ ಹಾರೂನರನ್ನು ಬಂಧಿಸಿದರು. 1967ರ ಭಯೋತ್ಪಾದನಾ ಕಾಯ್ದೆಯ ಆರನೇ ಸೆಕ್ಷನ್ ಪ್ರಕಾರ ವಿಚಾರಣೆಯಿಲ್ಲದೆ ಎಷ್ಟು ದಿನ ಬೇಕಾದರೂ ಇಟ್ಟುಕೊಳ್ಳಬಹುದಿತ್ತು. ಕೋರ್ಟಿಗೆ ಹಾಜರುಪಡಿಸಬೇಕಾಗಿಲ್ಲ, ವಕೀಲರನ್ನು ನೋಡಲು ಬಿಡಬೇಕಾಗಿಲ್ಲ, ಮನೆಯವರಿಗೂ ತಿಳಿಸಬೇಕಾಗಿಲ್ಲ. ಪತ್ನಿ ಗಲೀಮಾ ಮತ್ತು ಮೂವರು ಮಕ್ಕಳು ಕಾಯುತ್ತಲೇ ಉಳಿದರು.

123 ದಿನಗಳ ಏಕಾಂತ ಸೆರೆಯ ಬಳಿಕ, ಸೆಪ್ಟೆಂಬರ್ 27ರಂದು, ಮೈಟ್‌ಲ್ಯಾಂಡ್ ಠಾಣೆಯಲ್ಲಿ ಅವರು ಮೃತರಾದರು. ವಯಸ್ಸು 45. ಮೆಟ್ಟಿಲಿನಿಂದ ಜಾರಿ ಬಿದ್ದಿದ್ದರು ಎಂದು ಪೊಲೀಸರು ಹೇಳಿದರು. ಶವಪರೀಕ್ಷೆಯಲ್ಲಿ ಮೈಮೇಲೆ ಇಪ್ಪತ್ತಕ್ಕೂ ಹೆಚ್ಚು ಕಡೆ ಬಾವು, ಗಾಯ, ಮುರಿದ ಪಕ್ಕೆಲುಬು ಕಂಡುಬಂತು.

ಸೆಪ್ಟೆಂಬರ್ 29ರಂದು ಜನಾಝ. ಜೀವಂತ ಇದ್ದಾಗ ದೂರ ಸರಿದವರೂ ಅಂದು ಬಂದರು. ಕ್ರೈಸ್ತ ಪಾದ್ರಿಗಳು ಬಂದರು, ಎಲ್ಲ ಬಣ್ಣದ ಜನ ಬಂದರು. 30,000ಕ್ಕೂ ಹೆಚ್ಚು ಜನ ಸೇರಿದ್ದರೆಂದು ಹೇಳಲಾಗಿದೆ. ಸುಮಾರು ಹತ್ತು ಕಿಲೋಮೀಟರ್ ದೂರದ ಮೌಬ್ರೇ ಕಬರಸ್ತಾನದವರೆಗೆ ಮಯ್ಯಿತ್ತನ್ನು ಹೆಗಲಿನಿಂದ ಹೆಗಲಿಗೆ ದಾಟಿಸುತ್ತಾ ನಡೆದರು. ಜನರನ್ನು ಬಣ್ಣದ ಲೆಕ್ಕದಲ್ಲಿ ಬೇರ್ಪಡಿಸಿದ್ದ ಊರಿನ ರಸ್ತೆಯಲ್ಲಿ ಅಂದು ಒಂದೇ ಸಫ್ಫ್ ಇತ್ತು.

ಆ ರಾತ್ರಿ ಕೇಪ್ ಪ್ರಾಂತ್ಯದಲ್ಲಿ ಭೂಕಂಪವಾಯಿತು. ಇಮಾಮರಿಗಾಗಿ ಭೂಮಿ ನಡುಗಿತು ಎಂದು ಜನ ಮಾತಾಡಿಕೊಂಡರು. ಅವರ ದುಃಖ ನಮಗೆ ಅರ್ಥವಾಗುತ್ತದೆ. ಆದರೆ ಪ್ರವಾದಿಯವರ(ಸ) ಪುಟ್ಟ ಮಗ ಇಬ್ರಾಹೀಮ್ ತೀರಿಕೊಂಡ ದಿನ ಸೂರ್ಯಗ್ರಹಣವಾದಾಗ, ಯಾರ ಸಾವಿಗಾಗಿಯೂ ಗ್ರಹಣ ಹಿಡಿಯುವುದಿಲ್ಲ ಎಂದು ಅವರು ಜನರನ್ನು ತಿದ್ದಿದ್ದರು. ಹಾಗಾಗಿ ಇಮಾಮ್ ಹಾರೂನರ ಘನತೆಗೆ ಭೂಕಂಪದ ಸಾಕ್ಷ್ಯ ಬೇಕಾಗಿಲ್ಲ. ಜೈಲು ಸೇರಿದವರ ಮನೆಗಳಲ್ಲಿ ಆರದೆ ಉರಿದ ಒಲೆಗಳ ಸಾಕ್ಷ್ಯವೇ ಸಾಕು. ಕೆಲವೇ ದಿನಗಳಲ್ಲಿ ಲಂಡನ್ನಿನ ಸೇಂಟ್ ಪಾಲ್ಸ್ ಚರ್ಚಿನಲ್ಲಿ ಅವರಿಗಾಗಿ ಸ್ಮರಣೆಯ ಪ್ರಾರ್ಥನೆ ನಡೆಯಿತು.

ತಡವಾಗಿ ಬಂದ ನ್ಯಾಯ

1970ರ ವಿಚಾರಣೆಯು ಮೆಟ್ಟಿಲಿನ ಕಥೆಯನ್ನೇ ಬಹುಮಟ್ಟಿಗೆ ಒಪ್ಪಿಕೊಂಡು ಮುಗಿಯಿತು. ಇನ್ನೂ ಹಲವರು ಹೀಗೆಯೇ ಪೊಲೀಸರ ವಶದಲ್ಲಿ ಸತ್ತರು. 1971ರಲ್ಲಿ ಅಹ್ಮದ್ ತಿಮೊಲ್ ಎಂಬ ಯುವ ಶಿಕ್ಷಕರು ಜೊಹಾನ್ಸ್‌ಬರ್ಗ್‌ನ ಪೊಲೀಸ್ ಕಟ್ಟಡದ ಹತ್ತನೇ ಮಹಡಿಯಿಂದ ಬಿದ್ದು ಸತ್ತಾಗ ಆತ್ಮಹತ್ಯೆ ಎಂದು ಬರೆಯಲಾಯಿತು. 2017ರಲ್ಲಿ ಮರುವಿಚಾರಣೆ ನಡೆದು, ಅದು ಕೊಲೆ ಎಂದು ನ್ಯಾಯಾಲಯ ಹೇಳಿತು.

ಈ ನಡುವೆ ಜಗತ್ತೂ ಸುಮ್ಮನಿರಲಿಲ್ಲ. ದಕ್ಷಿಣ ಆಫ್ರಿಕಾದೊಂದಿಗೆ ವ್ಯಾಪಾರ ನಿಲ್ಲಿಸಿದ ಮೊದಲ ದೇಶ ಭಾರತ. ಅದು 1946ರಲ್ಲಿ, ನಮಗಿನ್ನೂ ಸ್ವಾತಂತ್ರ್ಯ ಸಿಗುವ ಮೊದಲೇ. 1974ರಲ್ಲಿ ಡೇವಿಸ್ ಕಪ್ ಟೆನ್ನಿಸಿನ ಫೈನಲ್ ತಲುಪಿದ್ದ ಭಾರತ, ಎದುರಾಳಿ ದಕ್ಷಿಣ ಆಫ್ರಿಕಾ ಎಂಬ ಕಾರಣಕ್ಕೆ ಆಡಲು ಒಪ್ಪದೆ ಕಪ್ಪನ್ನೇ ಬಿಟ್ಟುಕೊಟ್ಟಿತು. 1976ರಲ್ಲಿ ಸೊವೆಟೊದ ಶಾಲಾ ಮಕ್ಕಳು ಬೀದಿಗಿಳಿದರು. 1990ರ ಫೆಬ್ರವರಿ 11ರಂದು ಮಂಡೇಲಾ ಬಿಡುಗಡೆಯಾದರು. 1991ರಲ್ಲಿ ಗ್ರೂಪ್ ಏರಿಯಾಸ್ ಮತ್ತು ಜನಸಂಖ್ಯಾ ನೋಂದಣಿ ಕಾಯ್ದೆಗಳು ರದ್ದಾದವು. 1994ರ ಏಪ್ರಿಲ್ 27ರಂದು ಎಲ್ಲ ಬಣ್ಣದವರೂ ಒಂದೇ ಸಾಲಿನಲ್ಲಿ ನಿಂತು ಮತ ಹಾಕಿದರು.

ಇಮಾಮ್ ಹಾರೂನರ ಸಾವಿನ ವಿಚಾರಣೆಯನ್ನು 2022ರ ನವೆಂಬರಿನಲ್ಲಿ ಮತ್ತೆ ತೆರೆಯಲಾಯಿತು. 2023ರ ಅಕ್ಟೋಬರ್ 9ರಂದು ತೀರ್ಪು ಬಂತು. ಮೆಟ್ಟಿಲಿನ ಕಥೆ ಸುಳ್ಳು, ಪೊಲೀಸರ ಚಿತ್ರಹಿಂಸೆಯೇ ಸಾವಿಗೆ ಕಾರಣ ಎಂದು ನ್ಯಾಯಾಧೀಶರು ಹೇಳಿದರು. ಆದರೆ ಯಾರಿಗೂ ಶಿಕ್ಷೆಯಾಗಲಿಲ್ಲ. ಅರ್ಧ ಶತಮಾನ ಈ ಮಾತಿಗಾಗಿ ಕಾದಿದ್ದ ಗಲೀಮಾ ಹಾರೂನ್ 2019ರ ಸೆಪ್ಟೆಂಬರ್ 29ರಂದೇ, ಪತಿಯನ್ನು ದಫನ ಮಾಡಿ ಸರಿಯಾಗಿ ಐವತ್ತು ವರ್ಷವಾದ ದಿನ, ಇಹಲೋಕ ತ್ಯಜಿಸಿದ್ದರು. ತೀರ್ಪನ್ನು ಕೇಳಿದವರು ಮಕ್ಕಳು. ಇನ್ನಾಲಿಲ್ಲಾಹಿ ವ ಇನ್ನಾ ಇಲೈಹಿ ರಾಜಿಊನ್.

ನಮಗಿರುವ ಪಾಠ

ಸೂರಃ ಅಲ್ ಹುಜುರಾತ್‌ನ 13ನೇ ಸೂಕ್ತ ನಮಗೆಲ್ಲ ಗೊತ್ತು. ಜನಾಂಗಗಳಿರುವುದು ಪರಸ್ಪರ ಅರಿಯಲಿಕ್ಕೆ, ಅಲ್ಲಾಹನ ಬಳಿ ಹಿರಿಮೆ ಇರುವುದು ಧರ್ಮನಿಷ್ಠೆಗೆ ಎಂದು ಅದು ಕಲಿಸುತ್ತದೆ. ಹಜ್ಜತುಲ್ ವಿದಾದ ಭಾಷಣವನ್ನು ಪ್ರತಿವರ್ಷ ನೆನೆಯುತ್ತೇವೆ. ಹ. ಬಿಲಾಲರ(ರ) ಕಥೆಯನ್ನು ಮಕ್ಕಳಿಗೆ ಹೇಳುತ್ತೇವೆ. ಕೇಪ್‌ಟೌನಿನ ಹಿರಿಯರಿಗೂ ಇದೆಲ್ಲ ಬಾಯಿಪಾಠವಾಗಿತ್ತು. ಗೊತ್ತಿರುವುದಕ್ಕೂ ಅದರಂತೆ ನಡೆಯುವುದಕ್ಕೂ ನಡುವೆ ಎಷ್ಟು ದೂರವಿದೆ ಎಂಬುದನ್ನು ಇಮಾಮ್ ಹಾರೂನರ ಬದುಕು ತೋರಿಸಿತು.

ಹ. ಅಬೂದರ್(ರ) ಅಂತಹ ಸಹಾಬಿಯೇ ಒಮ್ಮೆ ಒಬ್ಬರನ್ನು ಅವರ ತಾಯಿಯ ಹೆಸರೆತ್ತಿ ಹೀಯಾಳಿಸಿದಾಗ, ನಿನ್ನಲ್ಲಿ ಇನ್ನೂ ಜಾಹಿಲಿಯ್ಯಾದ ಅಂಶ ಉಳಿದಿದೆ ಎಂದು ಪ್ರವಾದಿ(ಸ) ಎಚ್ಚರಿಸಿದ್ದರು. ಹಾಗಿರುವಾಗ ನಾವು ನಮ್ಮನ್ನೂ ನೋಡಿಕೊಳ್ಳಬೇಡವೇ? ಹೆಣ್ಣು ನೋಡಲು ಹೋದಾಗ ಹುಡುಗಿಯ ಬಣ್ಣದ ಬಗ್ಗೆ ನಾವಾಡುವ ಮಾತು ಯಾವ ಕಾಲದ್ದು? ಮನೆತನದ ಹೆಸರು ಹೇಳಿ ಸಂಬಂಧ ಬೇಡವೆನ್ನುವುದು ಯಾವ ಕಾನೂನಿನ ಪ್ರಕಾರ? ನಮಗೆ ಸಿಕ್ಕಿರುವ 'ಸ್ವಲ್ಪ'ವನ್ನು ಉಳಿಸಿಕೊಳ್ಳಲು, ಪಕ್ಕದವರಿಗೆ, ಅವರು ಯಾವ ಧರ್ಮದವರೇ ಆಗಿರಲಿ, ಅನ್ಯಾಯವಾದಾಗ ನಾವು ಮೌನವಾಗಿದ್ದೇವೆಯೇ? ಅಪಾರ್ಥೀಡ್ ಕಾನೂನುಗಳನ್ನು ಸರಕಾರ ಬರೆಯುವ ಮೊದಲು ಜನರು ಅವನ್ನು ತಮ್ಮ ಮನಸ್ಸಿನಲ್ಲಿ ಬರೆದುಕೊಂಡಿದ್ದರು ಎಂಬುದನ್ನು ಮರೆಯದಿರೋಣ.

ಮುಂದಿನ ಶುಕ್ರವಾರ ಸಫ್ಫಿನಲ್ಲಿ ನಿಂತಾಗ ಪಕ್ಕದವರ ಭುಜ ತಾಗುವುದು ನಮ್ಮ ಗಮನಕ್ಕೆ ಬರಲಿ. ಸಲಾಂ ಹೇಳಿ ಹೊರಬಂದ ಮೇಲೂ ಆ ಸಫ್ಫ್ ಮುರಿಯದಿರಲಿ. ಅಲ್ಲಾಹನು ಇಮಾಮ್ ಅಬ್ದುಲ್ಲಾ ಹಾರೂನರಿಗೂ ನ್ಯಾಯಕ್ಕಾಗಿ ಹೋರಾಡಿದ ಅವರಂಥ ಎಲ್ಲ ಸತ್ಯವಿಶ್ವಾಸಿಗಳಿಗೂ ಮಗ್‌ಫಿರತ್ ನೀಡಲಿ. ನಮ್ಮ ಮನಸ್ಸಿನ ಮೆಟ್ಟಿಲುಗಳನ್ನು ಕೆಡವುವ ಶಕ್ತಿಯನ್ನು ನಮಗೆ ಕೊಡಲಿ. ಆಮೀನ್.